ಕಣ್ಣಿನ ಚಲನೆ ಅಳೆಯುವಾಗ ತಲೆ ನಿಲ್ಲಿಸುವುದು ಹೇಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಲ್ಯಾಬಿಗೆ ಹೊಸ ಐ ಟ್ರ್ಯಾಕರ್ (ಕಣ್ಣಿನ ಚಲನೆಯನ್ನು ಕ್ಯಾಮೆರಾದಿಂದ ಅಳೆಯುವ ಯಂತ್ರ) ಬಂದ ಮೊದಲ ತಿಂಗಳು ಎಲ್ಲರ ಪ್ರಶ್ನೆಗಳೂ ಕ್ಯಾಮೆರಾದ ಮೇಲೆ. ಎರಡನೇ ತಿಂಗಳಿಂದ ಕುರ್ಚಿಯ ಮೇಲೆ. ವಿದ್ಯಾರ್ಥಿಗಳು ನನ್ನನ್ನು ವರ್ಷಗಳಿಂದ ಕೇಳುತ್ತಾ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಲಕ್ಷಗಟ್ಟಲೆ ಬೆಲೆಯ ಯಂತ್ರ ಇದ್ದವರಿಗೂ ಹಳೆಯ ಯಂತ್ರಕ್ಕೆ ಮರದ ಆಸರೆ ಹೊಡೆಸಿಕೊಂಡವರಿಗೂ ತೊಂದರೆಗಳು ಹೆಚ್ಚುಕಡಿಮೆ ಒಂದೇ.

## ಅಳೆಯುವುದು ಕಣ್ಣನ್ನು. ತಲೆಯ ಗೊಡವೆ ಏಕೆ?

ಹೆಬ್ಬೆರಳನ್ನು ಕೈಯಳತೆಯ ದೂರದಲ್ಲಿ ಎತ್ತಿ ಹಿಡಿದು, ಅದನ್ನೇ ನೋಡುತ್ತಾ, ‘ಇಲ್ಲ ಇಲ್ಲ’ ಎನ್ನುವಂತೆ ತಲೆ ಆಡಿಸಿ. ಬೆರಳು ಸ್ಪಷ್ಟವಾಗಿಯೇ ಕಾಣುತ್ತಿರುತ್ತದೆ. ತಲೆ ಬಲಕ್ಕೆ ತಿರುಗಿದಷ್ಟೂ ಕಣ್ಣು ಗೂಡಿನೊಳಗೆ ಎಡಕ್ಕೆ ತಿರುಗಿ ನೋಟವನ್ನು ಹಿಡಿದಿಟ್ಟಿರುತ್ತದೆ. ಒಳಕಿವಿಯಿಂದ ಹೊರಟ ಸಂಕೇತ ಈ ಕೆಲಸವನ್ನು ಸುಮಾರು ನೂರನೇ ಒಂದು ಸೆಕೆಂಡಿನಲ್ಲಿ ಮುಗಿಸುತ್ತದೆ. ನೀವು ಮನಸ್ಸು ಮಾಡಿ ಮಾಡಬೇಕಾದ ಕೆಲಸವಲ್ಲ, ತಾನಾಗಿ ನಡೆಯುತ್ತದೆ.

ಈಗ ಇದೇ ಸಂಗತಿಯನ್ನು ಕ್ಯಾಮೆರಾದ ಕಡೆಯಿಂದ ನೋಡಿ. ನೋಟ ಬೆರಳು ಬಿಟ್ಟು ಕದಲಿಲ್ಲ, ಆದರೆ ಕಣ್ಣು ತಿರುಗಿದ್ದು ನಿಜ. ಇದರ ತಿರುವುಮುರುವೂ ಆಗಬಹುದು: ಕಣ್ಣು ಗೂಡಿನಲ್ಲಿ ಅಲುಗದೆ, ತಲೆಯಷ್ಟೇ ತಿರುಗಿ ನೋಟ ಬೇರೆ ಕಡೆ ಹೋಗಬಹುದು. ನೋಟವೆಂದರೆ ತಲೆಯ ದಿಕ್ಕು ಮತ್ತು ತಲೆಯೊಳಗಿನ ಕಣ್ಣಿನ ದಿಕ್ಕು, ಇವೆರಡರ ಮೊತ್ತ. ಎರಡು ಅಜ್ಞಾತಗಳಿರುವ ಸಮೀಕರಣದಲ್ಲಿ ಒಂದನ್ನು ನಿಲ್ಲಿಸಿಬಿಟ್ಟರೆ ಇನ್ನೊಂದು ತಾನಾಗಿ ಸಿಗುತ್ತದೆ. ತಲೆಗೆ ಆಸರೆ ಕೊಡುವುದು ಇಷ್ಟಕ್ಕೇ.

## ಒಂದು ಮಿಲಿಮೀಟರ್ ಅಲ್ಲಾಡಿದರೆ ಅಂಥದ್ದೇನಾಗುತ್ತದೆ?

ಅದು ಯಂತ್ರ ಯಾವುದೆಂಬುದರ ಮೇಲೆ ಹೋಗುತ್ತದೆ. ಲೆಕ್ಕ ಸುಲಭ, ಒಮ್ಮೆ ಕೈಯಾರೆ ಮಾಡಿನೋಡಿ.

ಕಣ್ಣು ಗುಡ್ಡೆಯ ತಿರುಗುವ ಕೇಂದ್ರದಿಂದ ಪಾಪೆ ಸುಮಾರು 10 ಮಿ.ಮೀ. ಮುಂದಿದೆ. ಹಾಗಾಗಿ ಕಣ್ಣು 1 ಡಿಗ್ರಿ ತಿರುಗಿದರೆ ಪಾಪೆ ಪಕ್ಕಕ್ಕೆ ಸರಿಯುವುದು 0.17 ಮಿ.ಮೀ. ಮಾತ್ರ. ಪಾಪೆಯ ಜಾಗವನ್ನಷ್ಟೇ ನೋಡುವ ಟ್ರ್ಯಾಕರಿನ ಮುಂದೆ ತಲೆ 1 ಮಿ.ಮೀ. ಪಕ್ಕಕ್ಕೆ ಜಾರಿತು ಎನ್ನಿ. ಪಾಪೆಯೂ ಅಷ್ಟೇ ಜಾರಿತು. ಟ್ರ್ಯಾಕರ್ ಅದನ್ನು 5ರಿಂದ 6 ಡಿಗ್ರಿಯ ಕಣ್ಣಿನ ಚಲನೆಯೆಂದು ಬರೆದುಕೊಳ್ಳುತ್ತದೆ! ನಿಜದಲ್ಲಿ 57 ಸೆಂ.ಮೀ. ದೂರದ ಗುರಿಯ ಮೇಲೆ ನೋಟ ಉಳಿಸಿಕೊಳ್ಳಲು ಕಣ್ಣು ತಿರುಗಬೇಕಿದ್ದದ್ದು ಡಿಗ್ರಿಯ ಹತ್ತನೇ ಒಂದು ಭಾಗ. (57 ಸೆಂ.ಮೀ. ಏಕೆಂದರೆ, ಆ ದೂರದಲ್ಲಿ ಪರದೆಯ ಮೇಲಿನ 1 ಸೆಂ.ಮೀ. ಹೆಚ್ಚುಕಡಿಮೆ 1 ಡಿಗ್ರಿಗೆ ಸಮ. ಲೆಕ್ಕ ಸಲೀಸಾಗಲೆಂದು ಎಷ್ಟೋ ಲ್ಯಾಬುಗಳು ಕುರ್ಚಿಯನ್ನು ಅಲ್ಲಿಯೇ ಇಡುತ್ತವೆ.)

## ಈಗಿನ ಟ್ರ್ಯಾಕರುಗಳು ಪಾಪೆಯ ಜೊತೆ ಕಾರ್ನಿಯಾದ ಹೊಳಪನ್ನೂ ನೋಡುತ್ತವಲ್ಲ? ಅದು ತಲೆಯ ಚಲನೆಯನ್ನು ಕಳೆದುಬಿಡುತ್ತದೆ ಎಂದು ಓದಿದ್ದೇನೆ.

ಓದಿದ್ದು ಸರಿ, ಅರ್ಧ ಸರಿ. ಅವಕೆಂಪು (ಇನ್‌ಫ್ರಾರೆಡ್) ದೀಪ ಕಾರ್ನಿಯಾದ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪೊರೆಯ ಮೇಲೆ ಒಂದು ಚುಕ್ಕಿಯಷ್ಟು ಹೊಳಪು ಮೂಡಿಸುತ್ತದೆ. ತಲೆ ಪಕ್ಕಕ್ಕೆ ಸರಿದರೆ ಪಾಪೆ, ಹೊಳಪು ಎರಡೂ ಜೊತೆಯಾಗಿ ಸರಿಯುತ್ತವೆ. ಕಣ್ಣು ತಿರುಗಿದರೆ ಹೊಳಪು ಪಾಪೆ ಸರಿದದ್ದರ ಅರ್ಧದಷ್ಟು ಮಾತ್ರ ಸರಿಯುತ್ತದೆ. ಒಂದರಿಂದ ಇನ್ನೊಂದನ್ನು ಕಳೆದರೆ ಉಳಿಯುವುದು ಬಹುಪಾಲು ಕಣ್ಣಿನದೇ ತಿರುಗುವಿಕೆ. ಪಕ್ಕಕ್ಕೆ, ಮೇಲೆ ಕೆಳಗೆ ಆಗುವ ಸಣ್ಣ ಸರಿದಾಟಗಳ ಮಟ್ಟಿಗೆ ಈ ಉಪಾಯ ಚೆನ್ನಾಗಿಯೇ ನಡೆಯುತ್ತದೆ.

ಕೈಕೊಡುವುದು ಎರಡು ಕಡೆ. ಒಂದು, ಮುಂದೆ ಹಿಂದೆ ಬಾಗುವುದು. 57 ಸೆಂ.ಮೀ. ದೂರದಲ್ಲಿ ಕ್ಯಾಲಿಬ್ರೇಶನ್ (ಜಾಗ ಗೊತ್ತಿರುವ ಚುಕ್ಕಿಗಳನ್ನು ನೋಡಿಸಿ ಯಂತ್ರವನ್ನು ಆ ಕಣ್ಣಿಗೆ ಹೊಂದಿಸುವುದು) ಮಾಡಿದ ವ್ಯಕ್ತಿ ಹತ್ತು ನಿಮಿಷದ ನಂತರ 2 ಸೆಂ.ಮೀ. ಮುಂದೆ ಬಾಗಿದ್ದಾರೆ. ಪರದೆಯ ನಡುವಿನಿಂದ 10 ಸೆಂ.ಮೀ. ಆಚೆಗಿರುವ ಚುಕ್ಕಿಯನ್ನು ನೋಡಲು ಅವರ ಕಣ್ಣು ಈಗ ಶೇ. 3.5ರಷ್ಟು ಹೆಚ್ಚು ತಿರುಗಬೇಕು. ಕ್ಯಾಮೆರಾಕ್ಕೂ ಅಷ್ಟೇ ಹತ್ತಿರ ಬಂದಿದ್ದರೆ ಕಣ್ಣಿನ ಚಿತ್ರವೂ ಹೆಚ್ಚುಕಡಿಮೆ ಅಷ್ಟೇ ದೊಡ್ಡದಾಗಿದೆ. ಎರಡೂ ತಪ್ಪುಗಳು ಒಂದೇ ದಿಕ್ಕಿಗೆ ಕೂಡಿಕೊಂಡು ಸುಮಾರು ಶೇ. 7 ಆಗುತ್ತವೆ. ಚುಕ್ಕಿ ಇರುವಲ್ಲಿಂದ 7 ಮಿ.ಮೀ. ಆಚೆಗೆ ನೋಟ ಬಿದ್ದಿತೆಂದು ಫೈಲಿನಲ್ಲಿ ದಾಖಲಾಗುತ್ತದೆ. ಪರದೆಯ ನಡುಮಧ್ಯದಲ್ಲಿ ಮಾತ್ರ ತಪ್ಪು ಸೊನ್ನೆ, ಆದ್ದರಿಂದ ನಡುವಿನ ಒಂದೇ ಚುಕ್ಕಿ ತೋರಿಸಿ ಪರೀಕ್ಷಿಸುವವರಿಗೆ ಇದು ಸಿಕ್ಕುವುದೇ ಇಲ್ಲ.

ಎರಡು, ಓರೆಯಾಗುವುದು. ತಲೆ ಹೆಗಲಿನ ಕಡೆಗೆ 3 ಡಿಗ್ರಿ ವಾಲಿದರೆ, ನಡುವಿನಿಂದ 10 ಡಿಗ್ರಿ ಆಚೆಗೆ ಅರ್ಧ ಡಿಗ್ರಿ ತಪ್ಪು. ಮೂರು ಡಿಗ್ರಿ ವಾಲಿದ್ದು ಎದುರಿಗೆ ಕೂತ ನಿಮಗೆ ಕಾಣುವುದಿಲ್ಲ, ವಾಲಿದವರಿಗೂ ಗೊತ್ತಾಗುವುದಿಲ್ಲ.

## ಗದ್ದದ ಆಸರೆಯೊಂದೇ ಸಾಕೇ?

ಸಾಲದು. ಎಲ್ಲರೂ ಮೊದಲು ಮಾಡುವ ತಪ್ಪೇ ಇದು.

ಗದ್ದ ಕೆಳದವಡೆಯ ತುದಿ. ಕೆಳದವಡೆ ತಲೆಬುರುಡೆಗೆ ಅಂಟಿಕೊಂಡದ್ದಲ್ಲ. ಕಿವಿಯ ಮುಂದಿನ ಕೀಲಿನಲ್ಲಿ ನೇತಾಡುವ ಬೇರೆಯೇ ಮೂಳೆ. ಗದ್ದವನ್ನು ಬಟ್ಟಲಿನಲ್ಲಿ ಇಟ್ಟವರು ಬಾಯಿ ಸ್ವಲ್ಪ ತೆರೆದರೆ ಗದ್ದ ಅಲ್ಲೇ ಇರುತ್ತದೆ, ಮೇಲೇಳುವುದು ತಲೆಬುರುಡೆ, ಅದರ ಜೊತೆ ಕಣ್ಣು. ಉಗುಳು ನುಂಗಿದರೂ ಹೀಗೇ. ಅಂದರೆ ಗದ್ದದ ಆಸರೆ ನಿಲ್ಲಿಸಬೇಕಾದ್ದನ್ನು ನಿಲ್ಲಿಸುತ್ತಿಲ್ಲ, ಅದರ ಪಕ್ಕದ ಮನೆಯವರನ್ನು ಹಿಡಿದು ಕೂರಿಸಿದೆ.

ಕೆಲಸ ಮಾಡುವುದು ಹಣೆಪಟ್ಟಿ. ಕಣ್ಣಿನ ಡಾಕ್ಟರ ಹತ್ತಿರ ಸ್ಲಿಟ್ ಲ್ಯಾಂಪಿನ ಮುಂದೆ ಕೂತಿದ್ದರೆ ನೆನಪಿರುತ್ತದೆ: ‘ಗದ್ದ ಇಡಿ’ ಎಂದು ಒಮ್ಮೆ ಹೇಳಿದವರು ‘ಹಣೆ ಒತ್ತಿ, ಹಣೆ ಒತ್ತಿ’ ಎಂದು ನಾಲ್ಕು ಸಲ ಹೇಳಿರುತ್ತಾರೆ. ನಮ್ಮಲ್ಲೂ ಅದೇ ಮಂತ್ರ. ಗದ್ದದ ಬಟ್ಟಲು ತಲೆಯ ಭಾರ ಹೊರುವುದಕ್ಕೆ, ಹಣೆಪಟ್ಟಿ ಜಾಗ ಹಿಡಿದಿಡುವುದಕ್ಕೆ. ಕೆನ್ನೆಯ ಎಲುಬಿನ ಪಕ್ಕ ಎರಡು ಮೆತ್ತೆ ಸೇರಿಸಿದರೆ ಓರೆಯಾಗುವುದೂ ಬಹಳ ಕಡಿಮೆಯಾಗುತ್ತದೆ.

## ಯಾವ ಪ್ರಯೋಗಕ್ಕೆ ಎಷ್ಟು ಬಿಗಿ ಬೇಕು?

ನಿಮ್ಮ ಪ್ರಶ್ನೆಯ ಅಳತೆ ನೋಡಿ. ಚಿತ್ರದಲ್ಲಿ ಜನ ಮುಖವನ್ನು ನೋಡಿದರೋ ಮರವನ್ನೋ ಎಂಬುದಷ್ಟೇ ಬೇಕಿದ್ದರೆ ಆಸರೆಯೇ ಬೇಡ, ತಲೆಯ ಜಾಗವನ್ನೂ ಲೆಕ್ಕ ಹಾಕುವ ರಿಮೋಟ್ ಟ್ರ್ಯಾಕರ್ ಸಾಕು. ಓದುವಾಗ ನೋಟ ಯಾವ ಪದದ ಮೇಲೆ ನಿಂತಿತು ಎಂಬುದಕ್ಕೆ ಗದ್ದ, ಹಣೆ ಎರಡಕ್ಕೂ ಆಸರೆ ಬೇಕು. ನೋಟ ನೆಟ್ಟಿರುವಾಗಲೂ ಕಣ್ಣು ಸೆಕೆಂಡಿಗೆ ಒಂದೆರಡು ಸಲ ಮಾಡುವ, ಬಹುಪಾಲು ಒಂದು ಡಿಗ್ರಿಗೂ ಕಡಿಮೆಯ ಪುಟ್ಟ ಜಿಗಿತಗಳಿವೆ, ಮೈಕ್ರೋಸಕೇಡ್ ಎನ್ನುತ್ತೇವೆ. ಅವುಗಳ ಹಿಂದೆ ಬಿದ್ದವರಿಗೆ ಒಳ್ಳೆಯ ಹಣೆಪಟ್ಟಿ ಕನಿಷ್ಠ. ಜಿಗಿತಗಳ ನಡುವಿನ ನಿಧಾನದ ತೇಲಾಟವೇ ಬೇಕೆಂದರೆ ಹಲ್ಲಿನಿಂದ ಕಚ್ಚುವ ಬೈಟ್ ಬಾರ್.

ಒಂದು ಎಚ್ಚರಿಕೆ ಮಾತ್ರ. ಸುಮಾರು 20 ಡಿಗ್ರಿಗಿಂತ ದೂರದ ಗುರಿಯನ್ನು ನೋಡಲು ಮನುಷ್ಯ ಸಹಜವಾಗಿ ತಲೆಯನ್ನೂ ತಿರುಗಿಸುತ್ತಾನೆ. ತಲೆ ಕಟ್ಟಿಹಾಕಿ ಅಷ್ಟು ದೂರದ ಗುರಿ ಕೊಟ್ಟರೆ ನೀವು ಅಳೆಯುತ್ತಿರುವುದು ಆ ವ್ಯಕ್ತಿ ಬದುಕಿನಲ್ಲಿ ಎಂದೂ ಮಾಡದ ಕೆಲಸವನ್ನು. ಅಡುಗೆಮನೆಯಲ್ಲಿ, ರಸ್ತೆಯಲ್ಲಿ ಜನ ಹೇಗೆ ನೋಡುತ್ತಾರೆ ಎಂಬ ಪ್ರಶ್ನೆಗೆ ತಲೆಗೆ ತೊಡುವ ಟ್ರ್ಯಾಕರೇ ಸರಿ.

## ಹಿಂದಿನವರು ಏನು ಮಾಡುತ್ತಿದ್ದರು?

ಕಣ್ಣಿಗೇ ಯಂತ್ರ ಅಂಟಿಸುತ್ತಿದ್ದರು. 1898ರಲ್ಲಿ ಅಮೆರಿಕದ ಎಡ್ಮಂಡ್ ಹ್ಯೂಯಿ, ಕಣ್ಣಿಗೆ ಕೊಕೇನ್ ಹನಿ ಹಾಕಿ ಮರಗಟ್ಟಿಸಿ, ಕಾರ್ನಿಯಾದ ಮೇಲೆ ಪ್ಲಾಸ್ಟರಿನ ಪುಟ್ಟ ಬಟ್ಟಲು ಕೂರಿಸಿ, ಅದಕ್ಕೊಂದು ಕಡ್ಡಿ ಜೋಡಿಸಿ, ಓದುವಾಗಿನ ಚಲನೆಯನ್ನು ಮಸಿ ಹಿಡಿದ ಉರುಳೆಯ ಮೇಲೆ ಗೀಚಿಸಿದರು. 1901ರಲ್ಲಿ ಡಾಡ್ಜ್ ಮತ್ತು ಕ್ಲೈನ್ ಇದನ್ನೆಲ್ಲ ಬಿಟ್ಟು, ಕಾರ್ನಿಯಾದ ಹೊಳಪನ್ನು ಕೆಳಗೆ ಬೀಳುತ್ತಿರುವ ಫೋಟೋ ಫಲಕದ ಮೇಲೆ ಹಿಡಿದರು. ಕಣ್ಣಿಗೆ ನೆಮ್ಮದಿಯಾಯಿತು, ತಲೆಗೆ ಕಷ್ಟ ಶುರುವಾಯಿತು: ಹೊಳಪೊಂದನ್ನೇ ನೋಡುವ ವಿಧಾನಕ್ಕೆ ತಲೆಯ ಸರಿದಾಟವನ್ನು ಕಣ್ಣಿನದರಿಂದ ಬೇರ್ಪಡಿಸಲು ಬರುವುದಿಲ್ಲ.

1963ರಲ್ಲಿ ಡೇವಿಡ್ ರಾಬಿನ್ಸನ್ ತಂದ ಸರ್ಚ್ ಕಾಯಿಲ್ ವಿಧಾನದ್ದು ಬೇರೆ ದಾರಿ. ಸಮನಾದ ಕಾಂತಕ್ಷೇತ್ರದ ನಡುವೆ ಕೂತವರ ಕಣ್ಣಿಗೆ ತಂತಿಸುರುಳಿ ಇರುವ ಲೆನ್ಸ್. ಸುರುಳಿ ತಿರುಗಿದರೆ ಮಾತ್ರ ಸಂಕೇತ ಬದಲಾಗುತ್ತದೆ, ಪಕ್ಕಕ್ಕೆ ಸರಿದರೆ ಇಲ್ಲ. ಆ ಸುರುಳಿ ಅಳೆಯುವುದು ತಲೆಯೊಳಗಿನ ಕಣ್ಣನ್ನಲ್ಲ, ಕೋಣೆಯೊಳಗಿನ ನೋಟವನ್ನು. 1973ರಲ್ಲಿ ಕಾರ್ನ್‌ಸ್ವೀಟ್ ಮತ್ತು ಕ್ರೇನ್ ಕಾರ್ನಿಯಾದ ಮುಂಭಾಗದ ಹೊಳಪನ್ನೂ ಕಣ್ಣಿನ ಮಸೂರದ ಹಿಂಭಾಗದ ಮಂಕು ಹೊಳಪನ್ನೂ ಒಟ್ಟಿಗೆ ಹಿಂಬಾಲಿಸುವ ಯಂತ್ರವನ್ನು ವರ್ಣಿಸಿದರು. ಡಿಗ್ರಿಯ ಅರವತ್ತನೇ ಒಂದು ಭಾಗದ ಆಸುಪಾಸಿನ ಸೂಕ್ಷ್ಮತೆ ಅದರದ್ದು, ಬೈಟ್ ಬಾರ್ ಅದರ ಒಡನಾಡಿ. ಯಂತ್ರ ಸೂಕ್ಷ್ಮವಾದಷ್ಟೂ ತಲೆಯ ಮೇಲೆ ಹೇರಿಕೆ ಹೆಚ್ಚು ಎಂದು ಇದರಿಂದ ತೀರ್ಮಾನಿಸಬೇಡಿ. ರಾಬಿನ್ಸನ್ನರ ಸುರುಳಿಯೇ ಅದಕ್ಕೆ ಅಪವಾದ.

## ಕೂರಿಸುವುದು ಹೇಗೆ? ನಮ್ಮಲ್ಲಿ ಹತ್ತು ನಿಮಿಷಕ್ಕೇ ಎಲ್ಲರೂ ಜಾರುತ್ತಾರೆ.

ಆಸರೆ ಬಿಗಿ ಮಾಡುವ ಮೊದಲು ಕುರ್ಚಿ ನೋಡಿ. ಕತ್ತು ಉದ್ದ ಮಾಡಿ ಗದ್ದ ಚಾಚಿಕೊಂಡು ಕೂತವರನ್ನು ಯಾವ ಹಣೆಪಟ್ಟಿಯೂ ಹಿಡಿದಿಡಲಾರದು. ಬೆನ್ನು ಸುಸ್ತಾಗುತ್ತದೆ, ಸೊಂಟ ಜಾರುತ್ತದೆ, ಹಣೆ ಪಟ್ಟಿಯಿಂದ ಎರಡು ಮಿಲಿಮೀಟರ್ ಬಿಡುತ್ತದೆ. ಜಾರುವಿಕೆ ಶುರುವಾಗುವುದು ಸೊಂಟದಲ್ಲಿ, ನಮಗೆ ಕಾಣುವುದು ಕಣ್ಣಿನಲ್ಲಿ.

ನಾನು ಮಾಡುವ ಕ್ರಮ ಹೀಗೆ. ಚಕ್ರವಿಲ್ಲದ, ಗಿರಕಿ ಹೊಡೆಯದ, ಎತ್ತರ ಬದಲಾಯಿಸಬಹುದಾದ ಕುರ್ಚಿ. ಮೊದಲು ಅವರನ್ನು ಅವರಿಷ್ಟದಂತೆ ನೆಟ್ಟಗೆ ಕೂರಲು ಬಿಡುತ್ತೇನೆ, ಪಾದ ಪೂರ್ತಿ ನೆಲ ಮುಟ್ಟಬೇಕು. ಕುಳ್ಳಗಿದ್ದವರಿಗೆ ಕಾಲಿನ ಕೆಳಗೆ ಮಣೆ. ಮೊಣಕೈ ಮೇಜಿನ ಮೇಲೆ ಊರಲು ಜಾಗ. ಆಮೇಲೆ ಆಸರೆಯನ್ನು ಅವರ ಮುಖದ ಬಳಿಗೆ ತರುತ್ತೇನೆ, ಅವರ ಮುಖವನ್ನು ಆಸರೆಯ ಬಳಿಗಲ್ಲ. ಮೊದಲು ಹಣೆ ತಾಗಿಸಿ, ಬಳಿಕ ಗದ್ದದ ಬಟ್ಟಲನ್ನು ಕೆಳಗಿನಿಂದ ಮೇಲೆತ್ತಿ ಮೆಲ್ಲಗೆ ಮುಟ್ಟಿಸುತ್ತೇನೆ. ಹಲ್ಲು ಹಗುರಾಗಿ ಕೂಡಿರಬೇಕು. ಸ್ಲಿಟ್ ಲ್ಯಾಂಪಿನ ಕಂಬಕ್ಕೆ ಇರುವ ಗೆರೆಯಂತೆ ನಮ್ಮ ಆಸರೆಯ ಕಂಬಕ್ಕೂ ಒಂದು ಗೆರೆ ಹಾಕಿದ್ದೇವೆ. ಕಣ್ಣಿನ ಹೊರತುದಿ ಆ ಗೆರೆಗೆ ಬಂದರೆ ಎತ್ತರ ಸರಿ. ಎತ್ತರಗಳ ಅಂಕಿಯನ್ನು ಆ ವ್ಯಕ್ತಿಯ ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ, ಮರುದಿನ ಬಂದಾಗ ಐದು ನಿಮಿಷ ಉಳಿಯುತ್ತದೆ.

ಇಷ್ಟಾದ ಮೇಲೆ ಎರಡು ನಿಮಿಷ ಸುಮ್ಮನೆ ಮಾತಾಡಿಸಿ, ಆಮೇಲೆ ಕ್ಯಾಲಿಬ್ರೇಶನ್. ಕೂತ ತಕ್ಷಣದ ಭಂಗಿ ಯಾರದೂ ನಿಜದ ಭಂಗಿಯಲ್ಲ. ಫೋಟೋಗೆ ನಿಂತ ಹಾಗಿರುತ್ತದೆ.

ಪರದೆಯ ದೂರವೂ ಇಲ್ಲೇ ಸೇರುತ್ತದೆ. ಐಲಿಂಕ್ 1000 ಎಂಬ ಟ್ರ್ಯಾಕರಿನ ಕೈಪಿಡಿ ಪರದೆಯ ಅಗಲದ 1.75 ಪಟ್ಟು ದೂರವನ್ನು ಸೂಚಿಸುತ್ತದೆ. 53 ಸೆಂ.ಮೀ. ಅಗಲದ ಪರದೆಗೆ ಅದು ಸುಮಾರು 93 ಸೆಂ.ಮೀ. ಅದಕ್ಕಿಂತ ಹತ್ತಿರ ಇಟ್ಟರೆ ಮೂಲೆಗಳನ್ನು ನೋಡಲು ಜನ ತಮಗೇ ತಿಳಿಯದಂತೆ ತಲೆ ತಿರುಗಿಸತೊಡಗುತ್ತಾರೆ.

## ತಲೆ ನಿಂತಿದೆ, ಆದರೂ ಡೇಟಾ ನಡುಗುತ್ತಿದೆ. ಏಕೆ?

ಮೇಜು ನೋಡಿ. ಹಿಂದೆ ನಾನು ಕೆಲಸ ಮಾಡುತ್ತಿದ್ದ ಲ್ಯಾಬೊಂದರಲ್ಲಿ, ಭಾಗವಹಿಸಿದವರು ಬಟನ್ ಒತ್ತಿದಾಗಲೆಲ್ಲ ಕಣ್ಣು ಚೂರೇ ಚೂರು ಕೆಳಗೆ ಹಾರುತ್ತಿತ್ತು. ಎಲ್ಲರಲ್ಲೂ, ಪ್ರತಿ ಸಲವೂ. ನಿರ್ಧಾರ ತೆಗೆದುಕೊಂಡ ಗಳಿಗೆಯ ಗುರುತನ್ನೇ ಕಂಡುಹಿಡಿದೆವೆಂದು ಎರಡು ವಾರ ಬೀಗಿದೆವು. ಕೊನೆಗೆ ಯಾರೋ ಪುಣ್ಯಾತ್ಮರು ಆಸರೆಗೆ ಕೃತಕ ಕಣ್ಣು ಕಟ್ಟಿ, ಪಕ್ಕದಿಂದ ತಾವೇ ಬಟನ್ ಒತ್ತಿದರು. ಕೃತಕ ಕಣ್ಣೂ ನಿರ್ಧಾರ ತೆಗೆದುಕೊಂಡಿತು! ಕೀಬೋರ್ಡ್, ಕ್ಯಾಮೆರಾ, ಆಸರೆ ಮೂರೂ ಒಂದೇ ತೆಳು ಮೇಜಿನ ಮೇಲಿದ್ದವು.

ಆಸರೆಯೂ ಕ್ಯಾಮೆರಾವೂ ಒಂದೇ ಗಟ್ಟಿ ಮೇಜಿಗೆ ಬಿಗಿದಿರಲಿ, ಬಟನ್ ಪೆಟ್ಟಿಗೆ ಮಾತ್ರ ತೊಡೆಯ ಮೇಲೆ ಅಥವಾ ಬೇರೆ ಸ್ಟ್ಯಾಂಡಿನ ಮೇಲಿರಲಿ. ಕೃತಕ ಕಣ್ಣಿಗೆ ದುಡ್ಡು ಸುರಿಯಬೇಕಿಲ್ಲ. ಬಿಳಿ ಹಲಗೆಯ ಮೇಲೆ ಕಪ್ಪು ವೃತ್ತ, ಅದರ ಮೇಲೆ ಹೊಳೆಯುವ ಸಣ್ಣ ಮಣಿ. ಅದನ್ನಿಟ್ಟು ಬಂದ ಅಂಕಿಗಳ ನಡುಕ ನಿಮ್ಮ ಯಂತ್ರದ್ದೂ ಕಟ್ಟಡದ್ದೂ. ಫ್ಯಾನ್ ಹಾಕಿ ಒಮ್ಮೆ, ಆರಿಸಿ ಒಮ್ಮೆ ನೋಡಿ.

## ಬೈಟ್ ಬಾರ್ ಮಾಡಿಕೊಳ್ಳುವುದು ಹೇಗೆ?

ತತ್ವ ಇಷ್ಟು: ಮೇಲಿನ ಹಲ್ಲುಗಳ ಸಾಲು ತಲೆಬುರುಡೆಯ ಜೊತೆ ಒಂದಾಗಿದೆ, ಕೆಳಗಿನದು ಅಲ್ಲ. ಹಾಗಾಗಿ ಮೇಲಿನ ಹಲ್ಲನ್ನು ಹಿಡಿದರೆ ತಲೆಯನ್ನೇ ಹಿಡಿದಂತೆ.

ಲಾಳದ ಆಕಾರದ ಲೋಹದ ತಗಡಿಗೆ ದಂತವೈದ್ಯರು ಅಚ್ಚು ತೆಗೆಯಲು ಬಳಸುವ ಇಂಪ್ರೆಶನ್ ಕಾಂಪೌಂಡ್ ಮೆತ್ತುತ್ತಾರೆ. 55ರಿಂದ 60 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಅದು ಮೃದುವಾಗುತ್ತದೆ. ಹೊರತೆಗೆದು, ಬಿಸಿ ತಾಳುವಷ್ಟಿದೆಯೇ ಎಂದು ನಿಮ್ಮ ಕೈಯ ಮೇಲೆ ನೋಡಿಕೊಂಡು, ಬಳಿಕ ಕಚ್ಚಿಸಬೇಕು. ಅಚ್ಚಿನ ಸಿಲಿಕೋನ್ ಪುಟ್ಟಿಯೂ ಆಗುತ್ತದೆ, ಅದಕ್ಕೆ ಬಿಸಿಯ ರಗಳೆಯಿಲ್ಲ. ತಣ್ಣಗೆ ಗಟ್ಟಿಯಾದ ಮೇಲೆ ಬಾರನ್ನು ಮೇಜಿಗೆ ಬಿಗಿಯಿರಿ. ಪ್ರತಿಯೊಬ್ಬರಿಗೂ ಅವರದೇ ಅಚ್ಚು, ಮೇಲೆ ಗುರುತಿನ ಸಂಖ್ಯೆ, ತೊಳೆದು ಸೋಂಕು ತೆಗೆದು ಬೇರೆ ಬೇರೆ ಡಬ್ಬಿಯಲ್ಲಿ.

ಕಟ್ಟಿಸಿದ ಹಲ್ಲು, ತಂತಿ ಹಾಕಿದ ಹಲ್ಲು, ಅಲ್ಲಾಡುವ ಹಲ್ಲು, ನೆಗಡಿ, ಬೇಗ ಓಕರಿಕೆ ಬರುವವರು: ಇವರಿಗೆ ಬೇಡವೇ ಬೇಡ. ನನ್ನ ಅಭಿಪ್ರಾಯ ಕೇಳಿದರೆ, ಬೈಟ್ ಬಾರ್ ಬೇಕೆಂದು ಹೊರಟ ಹತ್ತು ಪ್ರಯೋಗಗಳಲ್ಲಿ ಎಂಟಕ್ಕೆ ಬೇಕಾಗಿರುವುದು ಒಳ್ಳೆಯ ಕುರ್ಚಿ.

## ಬೊಟ್ಟು, ಕಾಡಿಗೆ, ಗಡ್ಡ, ತುರುಬು ಇವುಗಳ ಕಥೆ?

ಕೈಪಿಡಿಗಳಲ್ಲಿ ಇದು ಅಷ್ಟಾಗಿ ಸಿಗುವುದಿಲ್ಲ, ನಮ್ಮಲ್ಲಿ ದಿನಾ ಸಿಗುತ್ತದೆ. ಕಾಡಿಗೆ ದೊಡ್ಡ ತಲೆನೋವು. ಅವಕೆಂಪು ಬೆಳಕಿನಲ್ಲಿ ಟ್ರ್ಯಾಕರ್ ಹುಡುಕುವುದು ಕಪ್ಪು ಗುಂಡನೆಯ ಪಾಪೆಯನ್ನು; ದಟ್ಟ ಕಾಡಿಗೆಯ ರೆಪ್ಪೆಯಂಚನ್ನೂ ಅದು ಪಾಪೆಯೆಂದುಕೊಳ್ಳಬಹುದು. ಬರುವ ಮುಂಚೆಯೇ ಫೋನಿನಲ್ಲಿ ‘ಕಾಡಿಗೆ, ಮಸ್ಕಾರಾ ಬೇಡ’ ಎಂದು ಹೇಳಿ. ಬಂದ ಮೇಲೆ ಒರೆಸಿಕೊಳ್ಳಿ ಎಂದರೆ ಕಣ್ಣು ಕೆಂಪಾಗಿ ನೀರಾಡುತ್ತದೆ.

ಅಂಟಿಸುವ ಬೊಟ್ಟು ಹಣೆಪಟ್ಟಿಗೆ ಅಂಟಿಕೊಂಡು ಮುಂದಿನವರ ಹಣೆಗೆ ಹೋದದ್ದನ್ನು ಕಂಡಿದ್ದೇನೆ. ಕುಂಕುಮ, ವಿಭೂತಿ, ಗಂಧ ಅಳಿಸಿ ಎಂದು ಯಾರಿಗೂ ಹೇಳಬೇಡಿ. ಪಟ್ಟಿಯ ಮೇಲೆ ಪ್ರತಿಯೊಬ್ಬರಿಗೂ ಹೊಸ ಟಿಶ್ಯೂ ಹಾಕಿ, ಪಟ್ಟಿಯನ್ನು ಹುಬ್ಬಿನಿಂದ ಮೇಲಕ್ಕೆ, ಕೂದಲಿನಂಚಿನ ಕಡೆಗೆ ಸರಿಸಿ. ಎಣ್ಣೆ ಹಚ್ಚಿದ ತಲೆಗೂ ಆ ಟಿಶ್ಯೂವೇ ಆಸರೆ, ಇಲ್ಲದಿದ್ದರೆ ಹಣೆ ಜಾರುತ್ತದೆ. ದಟ್ಟ ಗಡ್ಡ ಗದ್ದದ ಬಟ್ಟಲಿನಲ್ಲಿ ಸ್ಪ್ರಿಂಗಿನಂತೆ ವರ್ತಿಸುತ್ತದೆ. ಅಂಥವರಿಗೆ ಗದ್ದವನ್ನು ನೆಚ್ಚದೆ ಹಣೆ, ಕೆನ್ನೆಯನ್ನು ನೆಚ್ಚಿ. ತುರುಬು ತೊಂದರೆ ಕೊಡುವುದು ಹಿಂದಲೆಗೆ ಒರಗು ಇದ್ದಾಗ ಮಾತ್ರ.

ಕನ್ನಡಕದ ಗಾಜಿನ ಹೊಳಪು ಕಾರ್ನಿಯಾದ ಹೊಳಪಿನ ಮೇಲೆ ಕೂತರೆ ಗದ್ದದ ಬಟ್ಟಲನ್ನು ಸ್ವಲ್ಪ ಏರಿಸಿಯೋ ಇಳಿಸಿಯೋ ತಲೆಯ ಬಾಗು ಬದಲಾಯಿಸಿ. ಹೊಳಪು ಪಕ್ಕಕ್ಕೆ ಹೋಗುತ್ತದೆ.

## ಕನ್ನಡ ಓದಿನ ಪ್ರಯೋಗಕ್ಕೆ ಬೇರೆ ಏನಾದರೂ ಗಮನಿಸಬೇಕೇ?

ಮೇಲೆ ಕೆಳಗಿನ ದಿಕ್ಕನ್ನು ಗಮನಿಸಬೇಕು. ರೋಮನ್ ಲಿಪಿಯ ಓದಿನ ಸಂಶೋಧನೆಯಲ್ಲಿ ಅಡ್ಡ ದಿಕ್ಕಿನ ತಪ್ಪಿನದೇ ಚಿಂತೆ ಹೆಚ್ಚು, ಏಕೆಂದರೆ ಅಲ್ಲಿ ಅಕ್ಷರಗಳು ಪಕ್ಕಪಕ್ಕ ಸಾಲು ನಿಲ್ಲುತ್ತವೆ. ನಮ್ಮ ‘ರಾಷ್ಟ್ರ’ ಬರೆದು ನೋಡಿ. ಟ, ರಗಳು ಷ ಅಕ್ಷರದ ಕೆಳಗೆ ಜೋತುಬಿದ್ದಿವೆ. ಗುಣಿತದ ಗುಡಿಸು, ಏತ್ವ ಮೇಲೆ, ಒತ್ತು ಕೆಳಗೆ. ಹೀಗಾಗಿ ಒತ್ತಕ್ಷರದ ಓದಿನ ಬಗ್ಗೆ ಪ್ರಶ್ನೆ ಕೇಳುವವರಿಗೆ ಲಂಬ ದಿಕ್ಕಿನ ನಿಖರತೆ ಬೇಕು. ಗದ್ದದ ಬಟ್ಟಲಿನಲ್ಲಿ ದವಡೆ ಅಲ್ಲಾಡಿದಾಗ ತಲೆ ಸರಿಯುವುದು ಸರಿಯಾಗಿ ಆ ದಿಕ್ಕಿಗೇ.

ಹಲವು ಸಾಲುಗಳ ಪಠ್ಯದಲ್ಲಿ ಇನ್ನೊಂದು ಪೇಚು. 60 ಸೆಂ.ಮೀ. ದೂರದಲ್ಲಿ ಸಾಲಿನಿಂದ ಸಾಲಿಗೆ 1.5 ಸೆಂ.ಮೀ. ಇಟ್ಟರೆ ಅಂತರ 1.4 ಡಿಗ್ರಿ. ಲಂಬವಾಗಿ 0.7 ಡಿಗ್ರಿ ತಪ್ಪಿದರೆ ನೋಟ ಎರಡು ಸಾಲಿನ ನಡುವೆ ಎಲ್ಲೋ ಬಿದ್ದಿರುತ್ತದೆ, ಯಾವ ಸಾಲಿಗೆ ಸೇರಿಸಬೇಕೆಂದು ನೀವು ತಲೆ ಕೆರೆದುಕೊಳ್ಳುತ್ತೀರಿ. ಒತ್ತುಗಳಿಗೆ ಜಾಗ ಬೇಕಾದ್ದರಿಂದ ಕನ್ನಡದಲ್ಲಿ ಸಾಲಿನ ಅಂತರ ಹೇಗೂ ದೊಡ್ಡದಿಡುತ್ತೇವೆ. ಇನ್ನೂ ಸ್ವಲ್ಪ ದೊಡ್ಡದಿಡಿ. ಒಂದೊಂದೇ ಸಾಲು ತೋರಿಸಿದರೆ ಇನ್ನೂ ಕ್ಷೇಮ.

ಅರ್ಕಾವೊತ್ತಿನ ಮೇಲೆ ಕಣ್ಣಿಟ್ಟವರಿಗೆ ಒಂದು ಮಾತು. ‘ಧರ್ಮ’ದಲ್ಲಿ ರೇಫವನ್ನು ಉಚ್ಚರಿಸುವುದು ಮೊದಲು, ಬರೆಯುವುದು ಮಕಾರದ ನಂತರ. ನೋಟ ಅಲ್ಲಿ ಹಿಂದಕ್ಕೆ ಜಿಗಿಯುತ್ತದೆಯೇ ಎಂಬುದು ಸೊಗಸಾದ ಪ್ರಶ್ನೆ. ಅದಕ್ಕೆ ಒಂದು ಅಕ್ಷರದೊಳಗಿನ ಜಾಗ ಗೊತ್ತಾಗುವಷ್ಟು ನಿಖರತೆ ಬೇಕು. ಅಕ್ಷರ ದೊಡ್ಡದು ಮಾಡಿ, ಹಣೆಪಟ್ಟಿ ಬಿಡಬೇಡಿ.

## ಗಟ್ಟಿಯಾಗಿ ಓದಿಸುವಾಗ, ಮಾತಾಡಿಸುವಾಗ?

ಗದ್ದದ ಬಟ್ಟಲು ತೆಗೆದುಬಿಡಿ. ಹಣೆ, ಕೆನ್ನೆಗೆ ಮಾತ್ರ ಆಸರೆ ಕೊಡಿ, ಅಥವಾ ರಿಮೋಟ್ ವಿಧಾನಕ್ಕೆ ಹೋಗಿ. ಉತ್ತರವನ್ನು ಬಟನ್ನಿನಲ್ಲಿ ಪಡೆಯಲು ಸಾಧ್ಯವಿದ್ದರೆ ಅದೇ ಮೇಲು.

## ಮಕ್ಕಳನ್ನು ಹೇಗೆ ನಿಲ್ಲಿಸುವುದು?

ನಿಲ್ಲಿಸುವುದಿಲ್ಲ. ಕೂಸನ್ನು ತಾಯಿಯ ತೊಡೆಯ ಮೇಲೋ ಪುಟ್ಟ ಕಾರ್ ಸೀಟಿನಲ್ಲೋ ಕೂರಿಸಿ ರಿಮೋಟ್ ಟ್ರ್ಯಾಕರ್ ಬಳಸುತ್ತಾರೆ. ಕೆಲವು ಯಂತ್ರಗಳಲ್ಲಿ ಹಣೆಗೆ ಗುರುತಿನ ಸ್ಟಿಕರ್ ಅಂಟಿಸಿದರೆ ತಲೆಯ ದೂರವನ್ನು ಅದರಿಂದ ಲೆಕ್ಕ ಹಾಕುತ್ತವೆ. ತಾಯಿಯ ಕಣ್ಣನ್ನೇ ಟ್ರ್ಯಾಕರ್ ಹಿಡಿದು ಕೂರುವುದೂ ಉಂಟು, ಅವರಿಗೆ ಕಪ್ಪು ಕನ್ನಡಕ ಕೊಡಿ. ಆರೇಳು ವರ್ಷದ ಮೇಲಿನ ಮಕ್ಕಳು ಆಸರೆಯನ್ನು ರಾಕೆಟ್ಟಿನ ಕಿಟಕಿಯೆಂದರೆ ಐದು ನಿಮಿಷ ಅದ್ಭುತವಾಗಿ ಕೂರುತ್ತಾರೆ. ಆರನೇ ನಿಮಿಷದ ಮೇಲೆ ಆಸೆ ಇಟ್ಟುಕೊಳ್ಳಬೇಡಿ.

## ಇಇಜಿ ಜೊತೆಗೆ ಮಾಡಿದರೆ? ಎಂಆರ್‌ಐ ಒಳಗೆ?

ಮಿದುಳಿನ ವಿದ್ಯುತ್ತನ್ನು ತಲೆಯ ಮೇಲಿನಿಂದ ಅಳೆಯುವ ಇಇಜಿಯಲ್ಲಿ ಹಣೆಪಟ್ಟಿ ನೇರವಾಗಿ ಹಣೆಯ ಎಫ್‌ಪಿ1, ಎಫ್‌ಪಿ2 ಎಲೆಕ್ಟ್ರೋಡುಗಳ ಮೇಲೆ ಕೂರುತ್ತದೆ. ಪಟ್ಟಿಯ ನಡುವೆ ಕಚ್ಚು ಕೊಯ್ದ ಸ್ಪಂಜು ಬಳಸಿ, ಇಲ್ಲವೇ ಕೆನ್ನೆಮೆತ್ತೆಗೆ ಹೋಗಿ. ಬಿಗಿಹಿಡಿದ ಕತ್ತು, ದವಡೆಯ ಸ್ನಾಯುಗಳ ವಿದ್ಯುತ್ತು ಇಇಜಿಯನ್ನು ಕೆಡಿಸುತ್ತದೆ, ಆದ್ದರಿಂದ ಇಲ್ಲಿ ಬೈಟ್ ಬಾರ್ ಸೂಕ್ತವಲ್ಲ. ಎಂಆರ್‌ಐಯಲ್ಲಿ ತಲೆಯ ಸುತ್ತ ಫೋಮ್ ತುರುಕಿ ಮಲಗಿಸಿರುವುದರಿಂದ ಅರ್ಧ ಕೆಲಸ ಮುಗಿದಿರುತ್ತದೆ. ಅಲ್ಲಿ ಕಾಟ ಕೊಡುವುದು, ಮಲಗಿದವರಿಗೆ ಪರದೆ ತೋರಿಸುವ ಕನ್ನಡಿಯ ಕೋನ.

## ಪಾಪೆಯ ಗಾತ್ರ ಮಾತ್ರ ಅಳೆಯುತ್ತೇನೆ. ನನಗೂ ಇದೆಲ್ಲ ಬೇಕೇ?

ಬೇಕು. 55 ಸೆಂ.ಮೀ. ದೂರದ ಕ್ಯಾಮೆರಾಕ್ಕೆ ತಲೆ 1 ಸೆಂ.ಮೀ. ಹತ್ತಿರವಾದರೆ ಪಾಪೆ ಶೇ. 2ರಷ್ಟು ಹಿಗ್ಗಿದಂತೆ ಕಾಣುತ್ತದೆ. 4 ಮಿ.ಮೀ. ಪಾಪೆಗೆ ಅದು 0.07 ಮಿ.ಮೀ. ಯೋಚನೆಯ ಶ್ರಮದಿಂದ ಪಾಪೆ ಹಿಗ್ಗುವುದೇ ಸಾಮಾನ್ಯವಾಗಿ ಅರ್ಧ ಮಿಲಿಮೀಟರಿನೊಳಗೆ. ಕಷ್ಟದ ಪ್ರಶ್ನೆ ಬಂದಾಗ ಜನ ಮುಂದಕ್ಕೆ ಬಾಗುತ್ತಾರೆ ಎಂಬುದನ್ನೂ ನೆನಪಿಡಿ!

## ತಲೆ ಸರಿದಿದೆಯೆಂದು ಆಮೇಲೆ ಡೇಟಾದಲ್ಲಿ ಪತ್ತೆಹಚ್ಚಬಹುದೇ?

ನಿಮ್ಮ ಟ್ರ್ಯಾಕರ್ ಅವಕಾಶ ಕೊಟ್ಟರೆ ಕಾರ್ನಿಯಾದ ಹೊಳಪಿನ ಕಚ್ಚಾ ಜಾಗವನ್ನೂ ಫೈಲಿಗೆ ಉಳಿಸಿಕೊಳ್ಳಿ. ಪ್ರತಿ ಟ್ರಯಲ್ಲಿನ (ಪ್ರಯೋಗದ ಒಂದೊಂದು ಸುತ್ತಿನ) ಆರಂಭದಲ್ಲಿ ನಡುವಿನ ಚುಕ್ಕಿ ನೋಡುವಾಗ ಆ ಹೊಳಪು ಕ್ಯಾಮೆರಾ ಚಿತ್ರದ ಒಂದೇ ಕಡೆ ಇರಬೇಕು. ಟ್ರಯಲ್‌ಗಳು ಕಳೆದಂತೆ ಅದು ಮೆಲ್ಲಗೆ ಇಳಿಯುತ್ತಾ ಹೋದರೆ ಸೊಂಟ ಜಾರುತ್ತಿದೆ. ಒಮ್ಮೆಗೇ ಮೆಟ್ಟಿಲಿನಂತೆ ಬದಲಾದರೆ ಕೆಮ್ಮಿದರು, ಇಲ್ಲವೇ ಗದ್ದ ಎತ್ತಿ ಮತ್ತೆ ಇಟ್ಟರು.

ಪ್ರಯೋಗದ ನಡುವೆ ನಾನು ಪಾಲಿಸುವ ಮಿತಿ: ಒಂಬತ್ತು ಚುಕ್ಕಿಗಳ ಪರಿಶೀಲನೆಯಲ್ಲಿ ಸರಾಸರಿ ತಪ್ಪು ಅರ್ಧ ಡಿಗ್ರಿಯೊಳಗೆ, ಯಾವ ಒಂದು ಚುಕ್ಕಿಯಲ್ಲೂ 1 ಡಿಗ್ರಿ ಮೀರಬಾರದು. ಗದ್ದ ಎತ್ತಿದರೆ ಕ್ಯಾಲಿಬ್ರೇಶನ್ ಮತ್ತೆ ಮೊದಲಿಂದ. ಒಂದು ಚುಕ್ಕಿಯಲ್ಲಿ ಕಂಡ ತಪ್ಪನ್ನೇ ಎಲ್ಲೆಡೆ ಕಳೆಯುವ ಡ್ರಿಫ್ಟ್ ಕರೆಕ್ಷನ್ ಮಾಡಿ ಎಲ್ಲವನ್ನೂ ಸರಿದೂಗಿಸುವುದು ಕೆಟ್ಟ ಅಭ್ಯಾಸ. ಮುಂದೆ ಬಾಗಿದವರ ಮತ್ತು ವಾಲಿದವರ ತಪ್ಪು ಒಂದೊಂದು ಮೂಲೆಯಲ್ಲಿ ಒಂದೊಂದು ರೀತಿ ಇರುತ್ತದೆ, ಎಲ್ಲವನ್ನೂ ಒಂದೇ ಕಡೆ ತಳ್ಳಿದರೆ ಹೋಗದು.

## ಊರಿನ ಬಡಗಿಯ ಹತ್ತಿರವೇ ಆಸರೆ ಮಾಡಿಸಬಹುದೇ?

ಧಾರಾಳವಾಗಿ. ಎರಡು ಗಟ್ಟಿ ಕಂಬ, ಏರಿಳಿಸಿ ತಿರುಪಿನಿಂದ ಬಿಗಿಯುವ ಗದ್ದದ ಬಟ್ಟಲು, ಸ್ವಲ್ಪ ಒಳಬಾಗಿದ ಹಣೆಪಟ್ಟಿ, ಮೇಜಿನಂಚಿಗೆ ಹಾಕುವ ಕ್ಲ್ಯಾಂಪ್. ಕಂಬಗಳ ನಡುವೆ ಅಗಲ ಮುಖಕ್ಕೂ ಕನ್ನಡಕಕ್ಕೂ ಜಾಗವಿರಲಿ, ಕ್ಯಾಮೆರಾ ಕೆಳಗಿನಿಂದ ನೋಡುವ ದಾರಿಗೆ ಬಟ್ಟಲು ಅಡ್ಡ ಬರದಿರಲಿ. ಎಲ್ಲಕ್ಕೂ ಹೊಳಪಿಲ್ಲದ ಕಪ್ಪು ಬಣ್ಣ. ಕೈಯಿಂದ ಹಣೆಪಟ್ಟಿಯನ್ನು ಜೋರಾಗಿ ದೂಡಿದಾಗ ಕಂಬ ಬಾಗಿದರೆ ವಾಪಸ್ ಕೊಡಿ.

## ಎಷ್ಟು ಹೊತ್ತು ಕೂರಿಸಬಹುದು?

ಹತ್ತು, ಹದಿನೈದು ನಿಮಿಷಕ್ಕೊಂದು ಬಿಡುವು. ‘ಬೇಕಾದಾಗ ತಲೆ ತೆಗೆಯಬಹುದು, ನಮ್ಮನ್ನು ಕೇಳಬೇಕಿಲ್ಲ’ ಎಂದು ಮೊದಲೇ ಹೇಳಿಬಿಡಿ. ಇದು ಸೌಜನ್ಯವಷ್ಟೇ ಅಲ್ಲ, ಯಾವ ಗಳಿಗೆಯಲ್ಲಾದರೂ ಹಿಂದೆ ಸರಿಯುವುದು ಭಾಗವಹಿಸುವವರ ಹಕ್ಕು. ಐಸಿಎಂಆರ್‌ನ 2017ರ ನೈತಿಕ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. ಪಟ್ಟಿಯನ್ನು ತಲೆಯ ಹಿಂದೆ ಬಿಗಿಯುವವರು ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ವೆಲ್ಕ್ರೋ ಬಳಸಿ. ಬೈಟ್ ಬಾರ್ ಬಾಯಲ್ಲಿದ್ದವರಿಗೆ ಮಾತಾಡಲು ಬರುವುದಿಲ್ಲ, ಅವರ ಕೈಗೊಂದು ಗಂಟೆಯ ಬಟನ್ ಕೊಡಿ.

## ಪ್ರಬಂಧದಲ್ಲಿ ‘ತಲೆಯನ್ನು ಸ್ಥಿರಗೊಳಿಸಲಾಗಿತ್ತು’ ಎಂದು ಬರೆದರೆ ಸಾಕಲ್ಲ?

ಅದನ್ನು ಓದಿ ನಿಮ್ಮ ಪ್ರಯೋಗವನ್ನು ಇನ್ನೊಬ್ಬರು ಮತ್ತೆ ಮಾಡಲಾರರು. ಗದ್ದ ಮಾತ್ರವೋ, ಹಣೆಯೂ ಸೇರಿತ್ತೋ, ಬೈಟ್ ಬಾರ್ ಇತ್ತೋ. ಕಣ್ಣಿನಿಂದ ಪರದೆಗೆ, ಕಣ್ಣಿನಿಂದ ಕ್ಯಾಮೆರಾಕ್ಕೆ ಎಷ್ಟು ದೂರ. ಕ್ಯಾಲಿಬ್ರೇಶನ್ನಿಗೆ ಎಷ್ಟು ಚುಕ್ಕಿ, ನಿಜವಾಗಿ ಬಂದ ತಪ್ಪು ಎಷ್ಟು (ಕಂಪನಿಯ ಪುಸ್ತಿಕೆಯಲ್ಲಿ ಇರುವುದಲ್ಲ). ಎಷ್ಟು ಸಲ ಮತ್ತೆ ಮಾಡಬೇಕಾಯಿತು. ತಲೆ ಸರಿದದ್ದಕ್ಕೆ ಎಷ್ಟು ಟ್ರಯಲ್ ಕೈಬಿಟ್ಟಿರಿ. ನಾಲ್ಕು ಸಾಲು ಸಾಕು. ದೂರವನ್ನು ಬರೆಯುವ ಮುಂಚೆ ಮಾತ್ರ ಒಮ್ಮೆ ಟೇಪ್ ಹಿಡಿದು ಅಳೆಯಿರಿ: ಹಣೆಪಟ್ಟಿಯಿಂದಲ್ಲ, ಕಣ್ಣಿನಿಂದ.